ರಕ್ಷಣಾ ಬಜೆಟ್ಟೂ ನಮ್ಮ ನಾಡಿನ ವಿಮಾನ ಕಾರ್ಖಾನೆಯೂ



ಮಹಾಸಭೆಯಲ್ಲಿ ಬಜೆಟ್ ಪಾಸಾಗದೆ ನಮ್ಮ ಸಂಘದ ಕಾರ್ಯದರ್ಶಿಗಳು ಖರ್ಚು ಹಾಕುವಂತಿಲ್ಲ. ದೇಶದ ಲೆಕ್ಕವೂ ಹೀಗೇ. ರಕ್ಷಣಾ ಇಲಾಖೆಯ ಬೇಡಿಕೆಗೆ ಲೋಕಸಭೆ ಒಪ್ಪಿಗೆ ಕೊಟ್ಟು, ಧನವಿನಿಯೋಗ ವಿಧೇಯಕ ಕಾನೂನಾದ ಮೇಲೇ ಖಜಾನೆಯಿಂದ ಹಣ ಹೊರಡುವುದು. ಮಾರ್ಚ್ 31ರೊಳಗೆ ಖರ್ಚಾಗದೆ ಉಳಿದದ್ದು ವಾಪಸು. ಈ ಹಣದಿಂದ ಒಂದು ಕಾರ್ಖಾನೆ ಹೇಗೆ ಬದುಕುತ್ತದೆ ಎಂಬುದಕ್ಕೆ ಬೆಂಗಳೂರಿನ ಎಚ್.ಎ.ಎಲ್. ಚರಿತ್ರೆಯೇ ಸಾಕ್ಷಿ.

1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರ್ಕಾರದ ಜೊತೆ ಸೇರಿ ಇದನ್ನು ಕಟ್ಟಿದರು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳ ರಿಪೇರಿ ಕೆಲಸ ಕೈತುಂಬಾ ಇತ್ತು. ಯುದ್ಧ ಮುಗಿಯಿತು, ಆ ಕೆಲಸವೂ ಮುಗಿಯಿತು. ಆಗ ಇದೇ ಕಾರ್ಖಾನೆ ರೈಲು ಬೋಗಿಗಳನ್ನು ಮಾಡಿ ಜೀವ ಹಿಡಿದುಕೊಂಡಿತು.

1961ರಲ್ಲಿ ಇಲ್ಲಿಯ ಮಾರುತ್ ಯುದ್ಧವಿಮಾನ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಅದರ ವಿನ್ಯಾಸಕಾರರು. ಆದರೆ ತಕ್ಕ ಎಂಜಿನ್ ಸಿಗಲೇ ಇಲ್ಲ. 147 ವಿಮಾನಗಳಿಗೇ ಅದು ನಿಂತುಹೋಯಿತು.

ಈಚೆಗೆ ಸರ್ಕಾರದ ಧೋರಣೆ ಬದಲಾಗಿದೆ. 2020ರ ಆಗಸ್ಟಿನಲ್ಲಿ ಹೊರದೇಶದಿಂದ ತರಿಸಬಾರದ 101 ಸಾಮಾನುಗಳ ಪಟ್ಟಿ ಬಂತು. 2023-24ರ ಬಜೆಟ್ಟಿನಲ್ಲಿ ಹೊಸ ಯುದ್ಧಸಾಮಗ್ರಿ ಕೊಳ್ಳುವ ಹಣದಲ್ಲಿ ನೂರಕ್ಕೆ 75 ಭಾಗವನ್ನು ದೇಶದೊಳಗಿನ ಉದ್ಯಮಕ್ಕೇ ಮೀಸಲಿಟ್ಟರು. 2021ರಲ್ಲಿ 83 ತೇಜಸ್ ವಿಮಾನಗಳಿಗೆ ಸುಮಾರು 48 ಸಾವಿರ ಕೋಟಿ ರೂಪಾಯಿಯ ಆರ್ಡರು ಎಚ್.ಎ.ಎಲ್.ಗೆ ಸಿಕ್ಕಿತು. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. 2025ರ ಮಾರ್ಚಿನಲ್ಲಿ 156 ಪ್ರಚಂಡ್ ಹೆಲಿಕಾಪ್ಟರುಗಳ ಒಪ್ಪಂದವೂ ಆಯಿತು. ಬೆಂಗಳೂರು, ತುಮಕೂರು ಎರಡೂ ಕಡೆ ಅದರ ಕೆಲಸ.

ಹಾಗಂತ ಹಣ ಮಂಜೂರಾದರೆ ಎಲ್ಲವೂ ಆಯಿತು ಎನ್ನುವಂತಿಲ್ಲ. 2021ರ ತೇಜಸ್ ಆರ್ಡರಿಗೆ ಅಮೆರಿಕದ ಮೊದಲ ಎಂಜಿನ್ ಬಂದದ್ದೇ 2025ರ ಮಾರ್ಚಿನಲ್ಲಿ. ವಿಮಾನಗಳು ತಡವಾದವು. ಮಾರುತ್ ಕಲಿಸಿದ ಪಾಠವನ್ನು ನಾವಿನ್ನೂ ಪೂರ್ತಿ ಕಲಿತಿಲ್ಲ.

ಬಾಂಧವರೇ, ಡೈರಿ ಕಟ್ಟಡ ಎದ್ದರೆ ಸಾಲದು, ದಿನಾ ಹಾಲು ಬರಬೇಕು. ಕಾರ್ಖಾನೆಗೂ ವರ್ಷ ವರ್ಷ ಆರ್ಡರು ಬರುತ್ತಲೇ ಇರಬೇಕು. ಅದು ಬಂದರೆ ಐ.ಟಿ.ಐ. ಓದಿದ ಹಳ್ಳಿ ಹುಡುಗರಿಗೂ, ಬಿಡಿಭಾಗ ಮಾಡುವ ಪೀಣ್ಯದಂಥ ಕಡೆಯ ಸಣ್ಣ ವರ್ಕ್‌ಶಾಪುಗಳಿಗೂ ಅನ್ನ. ಆದ್ದರಿಂದ ಓಟು ಕೇಳಲು ಬರುವವರನ್ನು, ರಕ್ಷಣೆಗೆ ಎಷ್ಟು ಕೋಟಿ ಇಟ್ಟಿರಿ ಎಂದಷ್ಟೇ ಕೇಳಿ ಬಿಡಬಾರದು. ಅದರಲ್ಲಿ ಎಷ್ಟು ಕೆಲಸ ನಮ್ಮ ನೆಲದಲ್ಲೇ ಆಯಿತು ಎಂದೂ ಲೆಕ್ಕ ಕೇಳೋಣ.