ಕಂಕುಳಿನಿಂದ ಗಾಲಿಗೆ

ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಅಮಾವಾಸ್ಯೆಯಂದು ಬರುವ ತಾಯಂದಿರನ್ನು ನಾನು ಬಾಲ್ಯದಿಂದಲೂ ಕಂಡಿದ್ದೇನೆ. ಒಂದು ಕೂಸು ಕಂಕುಳಲ್ಲಿ, ಇನ್ನೊಂದು ಸೆರಗು ಹಿಡಿದು, ತಲೆಯ ಮೇಲೆ ಬುತ್ತಿಯ ಗಂಟು. ನಮ್ಮಲ್ಲಿ ಮಗುವಿಗೆ ಗಾಲಿಯೆಂದರೆ ನಡೆ ಕಲಿಸುವ ಕಟ್ಟಿಗೆಯ ಮೂರು ಗಾಲಿ ಬಂಡಿಯೊಂದೇ. ಅದನ್ನೂ ಮಗುವೇ ತಳ್ಳಬೇಕು!

ಮಗುವನ್ನು ಕೂರಿಸಿ ಸಾಗಿಸುವ ಬಂಡಿಯಾದರೋ ಇಂಗ್ಲೆಂಡಿನ ಸಿರಿವಂತಿಕೆಯ ಕೂಸು. 1733ರಲ್ಲಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನಾಕಾರದ ಬಂಡಿಯೊಂದನ್ನು ರೂಪಿಸಿದರು. ಎಳೆಯುವುದು ಚಿಕ್ಕ ಪ್ರಾಣಿಯ ಕೆಲಸ. 1889ರಲ್ಲಿ ಅಮೆರಿಕದ ವಿಲಿಯಂ ರಿಚರ್ಡ್‌ಸನ್, ಮಗುವಿನ ಮುಖವನ್ನು ತಾಯಿಯತ್ತ ತಿರುಗಿಸಬಲ್ಲ ಬಂಡಿಗೆ ಪೇಟೆಂಟ್ ಪಡೆದರು. ಆದರೆ ನನಗೆ ಆಪ್ತರಾದವರು ಓವೆನ್ ಮೆಕ್ಲಾರೆನ್. ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಚೌಕಟ್ಟಿನ ವಿನ್ಯಾಸದಲ್ಲಿ ದುಡಿದಿದ್ದ ಈ ಇಂಜಿನಿಯರ್, ಮೊಮ್ಮಗುವಿನ ಭಾರವಾದ ಬಂಡಿಯೊಡನೆ ಮಗಳು ಪಡುವ ಪಾಡನ್ನು ಕಂಡು, 1965ರಲ್ಲಿ ಛತ್ರಿಯಂತೆ ಮಡಚುವ ಅಲ್ಯೂಮಿನಿಯಂ ಬಂಡಿಯನ್ನು ರೂಪಿಸಿದರು. ಅಜ್ಜನ ಕರುಳಲ್ಲವೇ!

ಅಂಥದೇ ಬಂಡಿಯನ್ನು ನನ್ನ ಮಗಳು ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ತಂದಿದ್ದಳು. ಬಸ್ಸಿನಲ್ಲಿ ಅನುಕೂಲವೇ, ಆದರೆ ನಮ್ಮ ಎರಿಮಣ್ಣು ಅದರ ಪುಟ್ಟ ಗಾಲಿಗಳನ್ನು ಹತ್ತೇ ಹೆಜ್ಜೆಗೆ ಮೆತ್ತಿ ಹಿಡಿಯಿತು. ಸೊಂಟನೋವಿನ ನನ್ನ ಪತ್ನಿ ಕೂಸನ್ನೆತ್ತಿಕೊಂಡಳು. ಬಂಡಿ ನನ್ನ ಹೆಗಲೇರಿತು. ಮುಂದೆರಡು ದಿನ ಅವಳು ಹಾಸಿಗೆ ಬಿಟ್ಟೇಳಲಿಲ್ಲ.

ಈಗ ಎರಡನೆಯ ಕೂಸಿಗಾಗಿ ಹೊಸ ಬಂಡಿಯ ಆಯ್ಕೆ ನಡೆದಿದೆ. ತಿರುಗಾಟದ ಕುಟುಂಬಕ್ಕೆ ದೊಡ್ಡ ಗಾಲಿ, ಭದ್ರವಾದ ಬ್ರೇಕು, ಕತ್ತು ನಿಲ್ಲದ ಕೂಸನ್ನು ಅಂಗಾತ ಮಲಗಿಸಬಲ್ಲ ಆಸನ ಬೇಕೆಂಬುದು ನನ್ನ ಪಟ್ಟು. ಅಂಥದು ಬಸ್ಸಿನಲ್ಲಿ ಹಿಡಿಸದೆಂಬುದು ಮಗಳ ವಾದ. ಪತ್ನಿಯೋ, ಹಳೆಯ ಇಳಕಲ್ ಸೀರೆಯೊಂದನ್ನು ಒಗೆದು ಮಡಚಿಟ್ಟಿದ್ದಾಳೆ.