ಆರ್ಮಿ ಸರ್ವೀಸ್ ಕೋರ್ ಕೇಂದ್ರ ಮತ್ತು ಕಾಲೇಜು, ಬೆಂಗಳೂರು

ಭಾರತೀಯ ಭೂಸೇನೆಗೆ ಆಹಾರ, ಇಂಧನ, ಸಾರಿಗೆಗಳನ್ನೊದಗಿಸುವ ಆರ್ಮಿ ಸರ್ವೀಸ್ ಕೋರ್ ದಳದ ಅಧಿಕಾರಿಗಳಿಗೂ ಯೋಧರಿಗೂ ಶಿಕ್ಷಣವನ್ನೀಯುವ ಸಂಸ್ಥೆ. ಈಸ್ಟ್ ಇಂಡಿಯಾ ಕಂಪನಿ ಸರಕಾರದ ಕಾಲದ ಕಮಿಸೇರಿಯಟ್ (ಸೇನಾ ಪೂರೈಕೆ) ವ್ಯವಸ್ಥೆಯಿಂದ ಬೆಳೆದುಬಂದು, 1923ರಲ್ಲಿ ಇಂಡಿಯನ್ ಆರ್ಮಿ ಸರ್ವೀಸ್ ಕೋರ್ ಎಂಬ ಅಭಿಧಾನವನ್ನು ಪಡೆದು, 1935ರಲ್ಲಿ ‘ರಾಯಲ್’ ಎಂಬ ಉಪಾಧಿಯನ್ನು ಧರಿಸಿ, ಗಣರಾಜ್ಯೋದಯದೊಡನೆ ಅದನ್ನು ತ್ಯಜಿಸಿದ ಈ ದಳದ ಧ್ಯೇಯವಾಕ್ಯ ‘ಸೇವಾ ಅಸ್ಮಾಕಂ ಧರ್ಮಃ’ ಎಂಬುದು. ಚಾಲಕರು, ಅಡುಗೆಯವರು, ಗುಮಾಸ್ತರು ಈ ಕೇಂದ್ರದಲ್ಲಿ ತರಬೇತಿ ಹೊಂದುವರು. ಮೋಟಾರು ಏರಲಾರದ ಹಿಮಾಲಯದ ಠಾಣ್ಯಗಳಿಗೆ ಹೇಸರಗತ್ತೆಗಳ ಬೆನ್ನಮೇಲೆ ಹಿಟ್ಟು, ಎಣ್ಣೆಗಳನ್ನು ಸಾಗಿಸುವ ಹೊಣೆಯೂ ಈ ದಳದ್ದೇ ಆಗಿದೆ. ಹಸಿದ ಸೈನ್ಯಕ್ಕೆ ಶೌರ್ಯವೊಂದೇ ಸಾಲದಾದುದರಿಂದ, ರಣರಂಗದ ಹಿಂದೆ ನಿಂತು ದುಡಿಯುವ ಇವರ ಸೇವೆ ಖಡ್ಗಧಾರಿಯ ಪರಾಕ್ರಮಕ್ಕೆ ಸಮಾನವಾದ ಗೌರವಕ್ಕೆ ಅರ್ಹವಾದುದು. ದಳದ ‘ಟಾರ್ನೆಡೋಸ್’ ಎಂಬ ಮೋಟಾರ್‌ಸೈಕಲ್ ಪ್ರದರ್ಶನ ತಂಡದ 58 ಮಂದಿ 2017ರ ನವೆಂಬರಿನಲ್ಲಿ ಯಲಹಂಕದಲ್ಲಿ ಒಂದೇ ಮೋಟಾರ್‌ಸೈಕಲ್ಲನ್ನೇರಿ 1,200 ಮೀಟರ್ ಕ್ರಮಿಸಿ ವಿಶ್ವದಾಖಲೆಯನ್ನು ಸ್ಥಾಪಿಸಿದರು.