ನಾಗವರ್ಮನ ಹೆಂಡತಿಯೂ ಇಂಗ್ಲಿಷ್ ಛಂದಸ್ಸೂ

ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಕಥೆ, ಕಾದಂಬರಿ ಅವರಿಗೆ ಅಷ್ಟೇನೂ ಕಷ್ಟವಲ್ಲ. ಜೇನ್ ಆಸ್ಟೆನ್ ಬರೆದ ಮದುವೆಯ ಮಾತುಕತೆಗಳು ನಮ್ಮ ಪಡಸಾಲೆಯಲ್ಲೇ ನಡೆದಂತಿರುತ್ತವೆ. ಅವರನ್ನು ಹೆದರಿಸುವುದು ಪರಿಭಾಷೆ. ಐಯಾಂಬಿಕ್ ಪೆಂಟಾಮೀಟರ್, ಡ್ಯಾಕ್ಟಿಲ್, ಮೆಟಾನಮಿ, ಹೈಪರ್ಬೋಲಿ! ನಾನೂ ಬಿ.ಎ. ಓದುವಾಗ ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಪಟ್ಟಿಮಾಡಿ ಮಗ್ಗಿಯ ಹಾಗೆ ಉರು ಹೊಡೆದವಳೇ. ಈ ಮಾತುಗಳು ಯಾರ ಮನೆಯಿಂದ ಬಂದವು, ಯಾರಿಗಾಗಿ ಬಂದವು ಎಂಬುದನ್ನು ತಿಳಿದದ್ದು ಬಹಳ ವರ್ಷಗಳ ಮೇಲೆ. ಆ ಚರಿತ್ರೆ ನಾವು ಹೆಂಗಸರು ತಿಳಿದಿರಬೇಕಾದದ್ದು.

ಮೊದಲನೆಯದಾಗಿ, ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವರ ಸ್ವಂತ ಮಾತುಗಳೇ ಅಲ್ಲ. ಗ್ರೀಕ್ ಮತ್ತು ಲ್ಯಾಟಿನ್ನಿನಿಂದ ಬಂದವು. ಶೇಕ್ಸ್‌ಪಿಯರನ ಕಾಲದ ಇಂಗ್ಲೆಂಡಿನಲ್ಲಿ ಗಂಡುಹುಡುಗರು ಗ್ರಾಮರ್ ಶಾಲೆಗೆ ಹೋಗಿ ಲ್ಯಾಟಿನ್ ಕಲಿಯುತ್ತಿದ್ದರು. ಅಲಂಕಾರಗಳ ಹೆಸರುಗಳೂ ಅದರ ಜೊತೆಯಲ್ಲೇ ಬಾಯಿಗೆ ಬರುತ್ತಿದ್ದವು. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಆ ಶಾಲೆಯ ಬಾಗಿಲು ಮುಚ್ಚಿತ್ತು. ಎಲಿಜಬೆತ್ ರಾಣಿಗೆ ರೋಜರ್ ಆಸ್ಕಮ್‌ನಂಥ ವಿದ್ವಾಂಸ ಗುರುವಾಗಿದ್ದ, ನಿಜ. ಆದರೆ ಎಲ್ಲರೂ ರಾಜಕುಮಾರಿಯರಾಗಿ ಹುಟ್ಟುವುದುಂಟೆ? ಹೀಗೆ ಆ ಪರಿಭಾಷೆ ಕಾವ್ಯದ ಅಳತೆಗೋಲಾಗಿದ್ದಂತೆಯೇ ಒಳಗಿನವರನ್ನೂ ಹೊರಗಿನವರನ್ನೂ ಬೇರ್ಪಡಿಸುವ ಬೇಲಿಯೂ ಆಗಿತ್ತು.

ಆ ಬೇಲಿಯನ್ನು ದಾಟಿಸಲು 1589ರಲ್ಲೇ ಒಂದು ಪುಸ್ತಕ ಹೊರಟಿತ್ತು. ಹೆಸರು ‘ದಿ ಆರ್ಟ್ ಆಫ್ ಇಂಗ್ಲಿಷ್ ಪೊಯೆಸಿ’. ಲೇಖಕನ ಹೆಸರಿಲ್ಲದೆ ಅಚ್ಚಾದ ಇದನ್ನು ಬರೆದವನು ಜಾರ್ಜ್ ಪಟ್ಟನಮ್ ಎಂದು ವಿದ್ವಾಂಸರು ಹೇಳುತ್ತಾರೆ. ಶಾಲೆಯ ಪಂಡಿತರಿಗೆಂದು ತಾನು ಇದನ್ನು ಬರೆಯುತ್ತಿಲ್ಲ, ತಾಯ್ನುಡಿಯಲ್ಲಿ ನುರಿತವರಾಗಲು ಬಯಸುವ ಹೆಂಗಸರಿಗೂ ಆಸ್ಥಾನದವರಿಗೂ ಬರೆಯುತ್ತಿದ್ದೇನೆ ಎಂದು ಅವನು ಸ್ಪಷ್ಟವಾಗಿಯೇ ಹೇಳುತ್ತಾನೆ. ಅದಕ್ಕಾಗಿ ಗ್ರೀಕ್ ಹೆಸರುಗಳ ಪಕ್ಕದಲ್ಲಿ ಮನೆಮಾತಿನ ಹೆಸರುಗಳನ್ನು ಇಟ್ಟ. ಕನ್ನಡದಲ್ಲಿ ಹೇಳುವುದಾದರೆ, ಐರನಿ ಅವನಿಗೆ ‘ಒಣ ಕುಚೋದ್ಯ’. ಹೈಪರ್ಬೋಲಿ ‘ದೊಡ್ಡ ಗಂಟಲಿನ ಸುಳ್ಳುಗಾರ’. ಮೆಟಾನಮಿ ‘ಹೆಸರು ತಪ್ಪಿಸಿ ಕರೆಯುವವ’. ನಯವಾಗಿ ಮಾತಾಡುತ್ತಲೇ ಚುಚ್ಚುವುದಕ್ಕೆ ‘ಗುಟ್ಟಿನ ಚಿವುಟು’. ಇವುಗಳಿಗೆ ಉದಾಹರಣೆ ಹುಡುಕಲು ಗ್ರಂಥಭಂಡಾರಕ್ಕೆ ಹೋಗಬೇಕೆ? ಯಾವುದಾದರೂ ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂತರೆ ಸಾಕು.

ಹಾಗೆಂದು ಪಟ್ಟನಮ್ ದೇವರಂಥವನೆಂದು ತಿಳಿಯಬೇಡಿ. ಅವನ ಕ್ರೌರ್ಯ ತಾಳಲಾರದೆ ಅವನ ಹೆಂಡತಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ದಾಖಲೆಯಲ್ಲಿದೆ. ಹೆಂಗಸರಿಗೆ ಕಾವ್ಯ ಕಲಿಸಹೊರಟವನ ಮನೆಯೊಳಗಿನ ಕಥೆ ಹೀಗಿತ್ತು.

ಅವನ ಮನೆಮಾತಿನ ಹೆಸರುಗಳು ಉಳಿಯಲಿಲ್ಲ. ಗ್ರೀಕ್ ಬಲ್ಲವರೇ ವಿದ್ವಾಂಸರೆಂಬ ಭಾವನೆ ಗಟ್ಟಿಯಾಗಿತ್ತು. ಎಲಿಜಬೆತ್ ಬ್ಯಾರೆಟ್ ಗ್ರೀಕ್ ಕಲಿತದ್ದು ತಮ್ಮನಿಗೆ ಪಾಠ ಹೇಳಲು ಬಂದ ಉಪಾಧ್ಯಾಯರ ಮುಂದೆ ತಾನೂ ಕೂತು. ಮುಂದೆ ಕುರುಡ ವಿದ್ವಾಂಸರೊಬ್ಬರಿಗೆ ಗ್ರೀಕ್ ಗ್ರಂಥಗಳನ್ನು ಓದಿ ಹೇಳುತ್ತ ಅದನ್ನು ಬೆಳೆಸಿಕೊಂಡಳು. 1848ರಲ್ಲಿ ಲಂಡನ್ನಿನಲ್ಲಿ ಹೆಣ್ಣುಮಕ್ಕಳಿಗಾಗಿ ಕ್ವೀನ್ಸ್ ಕಾಲೇಜು ತೆರೆದಾಗ ಅಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠ ನಡೆಯಿತು. ಗಂಡಸರ ಆಕ್ಸ್‌ಫರ್ಡಿನಲ್ಲಿ ಅದಕ್ಕೆ ಪ್ರತ್ಯೇಕ ವ್ಯಾಸಂಗ ಬಂದದ್ದು 1894ರಲ್ಲಿ. ಹೆಣ್ಣುಮಕ್ಕಳು ಅಲ್ಲಿ ಓದಿ ಪರೀಕ್ಷೆ ಬರೆದರೂ ಪದವಿ ಮಾತ್ರ 1920ರವರೆಗೆ ಕೊಡಲಿಲ್ಲ. ಕೇಂಬ್ರಿಜ್ 1948ರವರೆಗೆ ಕಾಯಿಸಿತು.

ಇದನ್ನೆಲ್ಲ ಓದುವಾಗ ನನಗೆ ನೆನಪಾದವನು ನಮ್ಮ ನಾಗವರ್ಮ. ಪಟ್ಟನಮ್‌ಗೆ ಸುಮಾರು ಆರುನೂರು ವರ್ಷ ಮೊದಲು, ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಅವನು ‘ಛಂದೋಂಬುಧಿ’ ಬರೆದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಛಂದಶ್ಶಾಸ್ತ್ರ ಅದು. ಅದನ್ನು ಅವನು ತನ್ನ ಹೆಂಡತಿಗೆ ಹೇಳಿಕೊಟ್ಟಂತೆ ಬರೆದಿದ್ದಾನೆ! ಸಂಸ್ಕೃತದ ವೃತ್ತಗಳ ಜೊತೆಗೆ ತ್ರಿಪದಿ, ಅಕ್ಕರಗಳಂಥ ಕನ್ನಡದ ಮಟ್ಟುಗಳಿಗೂ ಅಲ್ಲಿ ಲಕ್ಷಣ ಉಂಟು. ಆ ತ್ರಿಪದಿಯನ್ನು ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಹಾಡಿಕೊಂಡೇ ಬಂದರು. ಲಕ್ಷಣ ಗೊತ್ತಿರಲಿಲ್ಲ, ಆದರೆ ಲಯ ತಪ್ಪುತ್ತಿರಲಿಲ್ಲ. ಮೊದಲು ಹಾಡು, ಹೆಸರು ಆಮೇಲೆ.

ಈ ಮಾತು ಮನಸ್ಸಿನಲ್ಲಿದ್ದರೆ ಇಂಗ್ಲಿಷಿನ ಪದಗಳೂ ಮೆತ್ತಗಾಗುತ್ತವೆ. ಸ್ಟಾಂಜಾ ಎಂದರೆ ಇಟಾಲಿಯನ್ನಿನಲ್ಲಿ ಕೋಣೆ. ಪದ್ಯ ಮನೆಯಾದರೆ ಅದು ಅದರ ಒಂದೊಂದು ಕೋಣೆ. ವರ್ಸ್ ಎಂಬುದರ ಲ್ಯಾಟಿನ್ ಮೂಲಕ್ಕೆ ತಿರುವು ಎಂಬ ಅರ್ಥ. ಸಾಲು ಮುಗಿದಾಗ ನೇಗಿಲು ತಿರುಗುವಂಥ ತಿರುವು. ಡ್ಯಾಕ್ಟಿಲ್ ಎಂದರೆ ಗ್ರೀಕಿನಲ್ಲಿ ಬೆರಳು. ನಿಮ್ಮ ತೋರುಬೆರಳನ್ನೇ ನೋಡಿಕೊಳ್ಳಿ: ಬುಡದ ಭಾಗ ಉದ್ದ, ಮೇಲಿನ ಎರಡು ಗಿಡ್ಡ. ಒಂದು ಗುರು, ಎರಡು ಲಘು, ಅಂದರೆ ನಮ್ಮ ಭಗಣವೇ! ಅದನ್ನು ತಿರುವಿದರೆ ಅನಪೆಸ್ಟ್. ಅದು ನಮ್ಮ ಸಗಣ. ಐಯಾಂಬ್ ಎಂದರೆ ಲಘುವಿನ ಮೇಲೊಂದು ಗುರು. ಅಂಥ ಐದು ಸೇರಿದರೆ ಪೆಂಟಾಮೀಟರ್. ಒಂದೇ ವ್ಯತ್ಯಾಸವೆಂದರೆ ಗ್ರೀಕರೂ ನಾವೂ ಉಚ್ಚಾರಣೆಯ ಕಾಲವನ್ನು ಅಳೆಯುತ್ತೇವೆ, ಇಂಗ್ಲಿಷಿನವರು ದನಿಯ ಒತ್ತನ್ನು ಎಣಿಸುತ್ತಾರೆ.

ಪಟ್ಟನಮ್‌ಗೆ ಕೈಗೂಡದ ಕೆಲಸ ಕನ್ನಡದಲ್ಲಿ ಕೈಗೂಡಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1920ರ ದಶಕದಲ್ಲಿ ‘ಇಂಗ್ಲಿಷ್ ಗೀತಗಳು’ ತಂದರು. ಅವರೂ ಅವರ ಕಾಲದ ಕವಿಗಳೂ ಹೊಸ ರೂಪಗಳನ್ನು ತಂದಂತೆ ಅವಕ್ಕೆ ಕನ್ನಡದ ಹೆಸರುಗಳೂ ಹುಟ್ಟಿದವು. ಲಿರಿಕ್ ಭಾವಗೀತೆಯಾಯಿತು, ಓಡ್ ಪ್ರಗಾಥವಾಯಿತು, ಸಾನೆಟ್ ಸುನೀತವಾಯಿತು. ಹರಿಹರನಿಗೂ ಹಿಂದಿನಿಂದ ಬಂದ ರಗಳೆ ಪ್ರಾಸದ ಕಟ್ಟು ಬಿಚ್ಚಿಕೊಂಡು, ಬ್ಲಾಂಕ್ ವರ್ಸ್‌ಗೆ ಜೋಡಿಯಾಗಿ ಸರಳ ರಗಳೆಯಾಯಿತು. ಇಂದು ಭಾವಗೀತೆ ಎನ್ನುವಾಗ ಅದು ಒಂದು ಕಾಲಕ್ಕೆ ಪಾರಿಭಾಷಿಕ ಪದವಾಗಿತ್ತೆಂದು ಯಾರಿಗೆ ಅನ್ನಿಸುತ್ತದೆ?

ಆದ್ದರಿಂದ ಈ ಪದಗಳನ್ನು ಕಲಿಯುತ್ತಿರುವ ಹುಡುಗಿಗೆ ನನ್ನ ಮಾತು ಇಷ್ಟೇ. ಪದ ಎಷ್ಟೇ ಬಿಗಿಯಾಗಿ ಕಂಡರೂ ಹೆದರಬೇಡ, ಅದರ ತೌರುಮನೆ ಯಾವುದೆಂದು ವಿಚಾರಿಸು. ಅಲ್ಲೊಂದು ಬೆರಳೋ ನೇಗಿಲೋ ಕೋಣೆಯೋ ಇರುತ್ತದೆ. ಛಂದಸ್ಸನ್ನು ಹೆಣ್ಣೊಬ್ಬಳಿಗೆ ಹೇಳಿಕೊಡುವುದು ನಮ್ಮ ಭಾಷೆಯಲ್ಲಿ ಸಾವಿರ ವರ್ಷದ ಹಳೆಯ ಪದ್ಧತಿ.